ಕೋಡಿನಲ್ಲೇ ಉಳಿದುಬಿಟ್ಟ ಕೀಲಿಗಳು

ಮಾರುಕಟ್ಟೆ ದಿನ ಮೋಟೆಬೆನ್ನೂರಿನ ಹೆದ್ದಾರಿಯಿಂದ ಮೆಣಸಿನಕಾಯಿ ಚೀಲ ಹೇರಿದ ಗಾಡಿಗಳು ಬ್ಯಾಡಗಿ ಕಡೆ ತಿರುಗುತ್ತವೆ. ಎಪಿಎಂಸಿ ಪ್ರಾಂಗಣದ ದಲಾಲಿ ಅಂಗಡಿಗಳ ಮುಂದೆ ಚೀಲ ಇಳಿದು, ಲಾಟಿಗೆ ನಂಬರ್ ಬೀಳುತ್ತದೆ. ಖರೀದಿದಾರರು ಕಾಯಿಯ ಬಣ್ಣ, ಒಣಗು ನೋಡಿ ತಮ್ಮ ತಮ್ಮ ಲಾಗಿನ್‌ನಿಂದ ಇ-ಟೆಂಡರ್‌ನಲ್ಲಿ ದರ ಹಾಕುತ್ತಾರೆ. ಒಬ್ಬರು ಹಾಕಿದ ದರ ಇನ್ನೊಬ್ಬರಿಗೆ ಕಾಣಬಾರದು. ರೈತನಿಗೆ ನ್ಯಾಯವಾದ ಬೆಲೆ ಸಿಗಬೇಕಾದರೆ ಈ ಗುಟ್ಟು ಉಳಿಯಲೇಬೇಕು.

ಖರೀದಿದಾರರ ಪಾಸ್‌ವರ್ಡ್ ಅವರವರ ಕೈಯಲ್ಲಿರುತ್ತದೆ. ಆದರೆ ಹಣ, ದರ, ಜನರ ವಿವರ ನಿಭಾಯಿಸುವ ಯಾವುದೇ ತಂತ್ರಾಂಶಕ್ಕೆ ತನ್ನದೇ ಪಾಸ್‌ವರ್ಡ್‌ಗಳೂ ಇರುತ್ತವೆ. ಡೇಟಾಬೇಸ್ ತೆರೆಯಲು ಒಂದು, ಎಸ್‌ಎಂಎಸ್ ಕಳಿಸಲು ಒಂದು, ಹಣ ಪಾವತಿಗೆ ಮತ್ತೊಂದು, ಕ್ಲೌಡ್ ಸರ್ವರ್‌ಗೆ ಇನ್ನೊಂದು. ಡೆವಲಪರ್‌ಗಳು ಇವನ್ನು ಸೀಕ್ರೆಟ್, ಕೀ (ಕೀಲಿ) ಎಂದು ಕರೆಯುತ್ತಾರೆ. ಬಳಕೆದಾರರ ಕಣ್ಣಿಗೆ ಇವು ಬೀಳುವುದೇ ಇಲ್ಲ. ಸೋರಿದಾಗ ನಷ್ಟ ಮಾತ್ರ ಅವರದೇ.

ಬೆಂಗಳೂರಿನ ಸೈಬರ್ ಭದ್ರತಾ ಸಂಸ್ಥೆ ಕ್ಲೌಡ್‌ಸೆಕ್ 2022ರಲ್ಲಿ ಮೊಬೈಲ್ ಆ್ಯಪ್‌ಗಳನ್ನು ಜಾಲಾಡಿದಾಗ 3,207 ಆ್ಯಪ್‌ಗಳು ಟ್ವಿಟರ್‌ನ ಕೀಲಿಗಳನ್ನು ಬಯಲಿಗಿಟ್ಟಿದ್ದವು. ಆ ಪೈಕಿ 230 ಆ್ಯಪ್‌ಗಳಲ್ಲಿ, ಖಾತೆ ಬಳಸಲು ಬೇಕಾದ ನಾಲ್ಕೂ ಕೀಲಿಗಳು ಒಟ್ಟಿಗೇ ಸಿಕ್ಕವು. ನಾಲ್ಕೂ ಸಿಕ್ಕರೆ ಆ ಖಾತೆಯೇ ಕೈಗೆ ಬಂದಂತೆ: ಖಾಸಗಿ ಸಂದೇಶ ಓದಬಹುದು, ಖಾತೆಯ ಹೆಸರಿನಲ್ಲಿ ಟ್ವೀಟ್ ಹಂಚಬಹುದು, ಇದ್ದದ್ದನ್ನು ಅಳಿಸಬಹುದು.

ಈ ಕೀಲಿಗಳನ್ನು ಹುಡುಕಲು ದೊಡ್ಡ ಹ್ಯಾಕಿಂಗ್ ವಿದ್ಯೆಯೇನೂ ಬೇಕಾಗಿರಲಿಲ್ಲ. ಆಂಡ್ರಾಯ್ಡ್ ಆ್ಯಪ್‌ನ ಎಪಿಕೆ ಫೈಲನ್ನು ಉಚಿತ ಉಪಕರಣಗಳಿಂದ ಯಾರು ಬೇಕಾದರೂ ಬಿಚ್ಚಬಹುದು. ಒಳಗೆ ‘ಸ್ಟ್ರಿಂಗ್ಸ್ ಡಾಟ್ ಎಕ್ಸ್‌ಎಂಎಲ್’ ಎಂಬ ಫೈಲ್ ಇರುತ್ತದೆ. ಗುಂಡಿಗಳ ಮೇಲಿನ ಬರಹ, ಶೀರ್ಷಿಕೆಗಳೆಲ್ಲ ಅಲ್ಲಿರುತ್ತವೆ. ಅವುಗಳ ನಡುವೆಯೇ ಕೀಲಿಯ ಉದ್ದನೆಯ ಅಕ್ಷರಸಾಲು ಕೂತಿರುತ್ತದೆ. ಪರೀಕ್ಷೆ ಮಾಡುವಾಗ ಸದ್ಯಕ್ಕಿರಲಿ ಎಂದು ಬರೆದಿಟ್ಟದ್ದು, ಬಿಡುಗಡೆಯ ಗಡಿಬಿಡಿಯಲ್ಲಿ ತೆಗೆಯಲು ಮರೆತು, ಪ್ಲೇ ಸ್ಟೋರ್ ಮೂಲಕ ಎಲ್ಲರ ಫೋನಿಗೂ ತಲುಪುತ್ತದೆ.

ಕೋಡಿನ ಆವೃತ್ತಿಗಳ ದಾಖಲೆ ಇಡುವ ‘ಗಿಟ್’ ತಂತ್ರಾಂಶ ಬಳಸುವ ತಂಡಗಳಿಗೆ ಇನ್ನೂ ಒಂದು ಅಪಾಯವಿದೆ. ಗಿಟ್ ಪ್ರತಿ ಬದಲಾವಣೆಯನ್ನೂ ನೆನಪಿಟ್ಟುಕೊಳ್ಳುತ್ತದೆ. ಇವತ್ತು ಪಾಸ್‌ವರ್ಡ್ ಇರುವ ಸಾಲನ್ನು ಅಳಿಸಿದರೂ ನಿನ್ನೆ ಉಳಿಸಿಟ್ಟ ಆವೃತ್ತಿಯಲ್ಲಿ, ಅಂದರೆ ಕಮಿಟ್‌ನಲ್ಲಿ, ಅದು ಹಾಗೇ ಇರುತ್ತದೆ. ಟೊಯೊಟಾ ಕಂಪನಿಯ ಕಾರು ಸಂಪರ್ಕ ಸೇವೆ ಟಿ-ಕನೆಕ್ಟ್‌ನ ಕೋಡಿನ ಒಂದು ಭಾಗವನ್ನು ಗುತ್ತಿಗೆದಾರ ಸಂಸ್ಥೆಯೊಂದು 2017ರ ಡಿಸೆಂಬರ್‌ನಲ್ಲಿ ಕೋಡ್ ಹಂಚುವ ತಾಣ ಗಿಟ್‌ಹಬ್‌ಗೆ, ಎಲ್ಲರಿಗೂ ಕಾಣುವಂತೆ, ಏರಿಸಿತು. ಅದರಲ್ಲಿ ಡೇಟಾ ಸರ್ವರ್‌ನ ಕೀಲಿಯೂ ಇತ್ತು. ಅದು ಪತ್ತೆಯಾದದ್ದು 2022ರ ಸೆಪ್ಟೆಂಬರ್‌ನಲ್ಲಿ. ಸುಮಾರು ಐದು ವರ್ಷ 2,96,019 ಗ್ರಾಹಕರ ಇಮೇಲ್ ವಿಳಾಸಗಳು ಅಪಾಯದಲ್ಲಿದ್ದವು. ಗಿಟ್‌ಗಾರ್ಡಿಯನ್ ಸಂಸ್ಥೆಯ ವರದಿಯಂತೆ 2024ರಲ್ಲಿ ಗಿಟ್‌ಹಬ್‌ನ ಸಾರ್ವಜನಿಕ ಕೋಡ್ ಭಂಡಾರಗಳಿಗೆ ಸೇರಿದ ಹೊಸ ಸೀಕ್ರೆಟ್‌ಗಳು ಸುಮಾರು 2.38 ಕೋಟಿ.

ಪರಿಹಾರ ಮೊದಲ ದಿನದಿಂದಲೇ ಶುರುವಾಗಬೇಕು. ಕೋಡ್ ಬೇರೆ, ಕೀಲಿ ಬೇರೆ. 2011ರಲ್ಲಿ ಹೆರೋಕು ಸಂಸ್ಥೆಯ ಆಡಮ್ ವಿಗಿನ್ಸ್ ಮುಂದಿಟ್ಟ ‘ಟ್ವೆಲ್ವ್ ಫ್ಯಾಕ್ಟರ್ ಆ್ಯಪ್’ ಸೂತ್ರಗಳಲ್ಲಿ ಇದಕ್ಕೊಂದು ಸರಳ ಪರೀಕ್ಷೆ ಇದೆ: ಇಡೀ ಕೋಡನ್ನು ಈ ಕ್ಷಣ ಲೋಕಕ್ಕೆ ತೆರೆದಿಟ್ಟರೆ ಒಂದಾದರೂ ಗುಟ್ಟು ಹೊರಬೀಳುತ್ತದೆಯೇ? ಬೀಳುವುದಾದರೆ ಕೆಲಸ ಬಾಕಿ ಇದೆ. ಕೋಡಿನಲ್ಲಿ ‘ಡಿಬಿ_ಪಾಸ್‌ವರ್ಡ್’ ಎಂಬ ಹೆಸರಷ್ಟೇ ಇರಬೇಕು; ನಿಜವಾದ ಪಾಸ್‌ವರ್ಡ್, ಪ್ರೋಗ್ರಾಂ ಓಡುವ ಯಂತ್ರದ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಬರಬೇಕು.

ಡೆವಲಪರ್‌ಗಳ ಲ್ಯಾಪ್‌ಟಾಪ್‌ನಲ್ಲಿ ಈ ಕೀಲಿಗಳನ್ನು ‘ಡಾಟ್ ಎನ್ವ್’ ಫೈಲಿನಲ್ಲಿ ಬರೆದಿಡುವುದು ರೂಢಿ. ಆ ಫೈಲಿನ ಹೆಸರು, ಗಿಟ್ ದಾಖಲಿಸಬಾರದ ಫೈಲುಗಳ ‘ಗಿಟ್‌ಇಗ್ನೋರ್’ ಪಟ್ಟಿಗೆ ಮೊದಲ ಕಮಿಟ್‌ಗೂ ಮುಂಚೆ ಸೇರಿರಬೇಕು. ಹೊಸದಾಗಿ ತಂಡ ಸೇರುವವರಿಗೆ ಹೆಸರುಗಳಷ್ಟೇ ಇರುವ ಖಾಲಿ ಮಾದರಿ ಫೈಲ್ ಸಾಕು. ಕೀಲಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸ ಮೊದಲು ನಿಲ್ಲಬೇಕು. ಸರ್ವರ್‌ನಲ್ಲಿ ಹ್ಯಾಶಿಕಾರ್ಪ್ ವಾಲ್ಟ್, ಎಡಬ್ಲ್ಯುಎಸ್ ಸೀಕ್ರೆಟ್ಸ್ ಮ್ಯಾನೇಜರ್‌ನಂಥ ವ್ಯವಸ್ಥೆಗಳು ಕೀಲಿಯನ್ನು ಗೂಢಲಿಪಿಯಲ್ಲಿಟ್ಟು, ಯಾರು ಯಾವಾಗ ತೆಗೆದರೆಂಬ ಲೆಕ್ಕವನ್ನೂ ಇಡುತ್ತವೆ. ಪರೀಕ್ಷೆಯ ಕೀಲಿಯೇ ಬೇರೆ, ಚಾಲ್ತಿ ಸೇವೆಯದೇ ಬೇರೆ ಇರಬೇಕು. ಎಸ್‌ಎಂಎಸ್ ಕಳಿಸುವ ಕೀಲಿಗೆ ಎಸ್‌ಎಂಎಸ್ ಕಳಿಸುವಷ್ಟೇ ಅಧಿಕಾರ ಸಾಕು.

ಮೊಬೈಲ್ ಆ್ಯಪ್‌ಗೆ ಮಾತ್ರ ಈ ಉಪಾಯ ಸಾಲದು. ಫೋನಿಗೆ ಹೋದ ಯಾವ ಕೀಲಿಯೂ ಗುಟ್ಟಾಗಿ ಉಳಿಯದು. ಅದಕ್ಕೇ ಆ್ಯಪ್ ತನ್ನ ಸಂಸ್ಥೆಯ ಸರ್ವರ್ ಜತೆ ಮಾತಾಡಬೇಕು, ಕೀಲಿ ಬಳಸುವ ಕೆಲಸ ಆ ಸರ್ವರ್‌ನಲ್ಲೇ ನಡೆಯಬೇಕು.

ಇದು ಬೆಂಗಳೂರಿನ ದೊಡ್ಡ ಕಂಪನಿಗಳಿಗಷ್ಟೇ ಬಿಟ್ಟ ವಿಷಯವಲ್ಲ. ಹಾವೇರಿ, ರಾಣೆಬೆನ್ನೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗಿಟ್‌ಹಬ್‌ಗೆ ಏರಿಸುವ ಪ್ರಾಜೆಕ್ಟ್‌ಗೂ, ಅಂಗಡಿ ಲೆಕ್ಕಕ್ಕೆಂದು ಬರೆಸಿಕೊಂಡ ಸಣ್ಣ ಆ್ಯಪ್‌ಗೂ ಇದೇ ನಿಯಮ. ಗಿಟ್‌ಲೀಕ್ಸ್, ಟ್ರಫಲ್‌ಹಾಗ್ ಎಂಬ ಉಪಕರಣಗಳು ಮರೆತುಬಿಟ್ಟ ಕೀಲಿಗಳಿಗಾಗಿ ಹಳೆಯ ಕಮಿಟ್‌ಗಳನ್ನೂ ಶೋಧಿಸುತ್ತವೆ. ಎರಡನ್ನೂ ಉಚಿತವಾಗಿ ಬಳಸಬಹುದು. ಕಾನೂನಿನ ಹೊಣೆಯೂ ಇದೆ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ವಿವರಗಳಿಗೆ ತಕ್ಕ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ಇಷ್ಟಾಗಿಯೂ ಕೀಲಿ ಸೋರಿದರೆ ಮೊದಲು ಅದನ್ನು ರದ್ದು ಮಾಡಿ ಹೊಸದನ್ನು ಪಡೆಯಬೇಕು. ಗಿಟ್‌ನ ಇತಿಹಾಸ ತೊಳೆಯುವುದು ಆಮೇಲಿನ ಕೆಲಸ, ಏಕೆಂದರೆ ಅಷ್ಟರಲ್ಲಿ ಅದರ ನಕಲು ಯಾರ ಕೈ ಸೇರಿದೆಯೋ ಗೊತ್ತಿರುವುದಿಲ್ಲ. ಬಳಿಕ ಸರ್ವರ್‌ನ ಲಾಗ್ ತೆರೆದು, ಹಳೆಯ ಕೀಲಿಯಿಂದ ಯಾರಾದರೂ ಒಳಬಂದಿದ್ದರೇ ಎಂದು ನೋಡಬೇಕು. ಒಳನುಗ್ಗಿದ್ದು, ದತ್ತಾಂಶ ಸೋರಿದ್ದು ಗಮನಕ್ಕೆ ಬಂದರೆ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂದು ಅದರ 2022ರ ಏಪ್ರಿಲ್‌ನ ನಿರ್ದೇಶನ ಹೇಳುತ್ತದೆ.