ಮನೆಯ ಜಗಲಿಗೆ ಸೊಳ್ಳೆ ಜಾಲರಿ ಹಾಗೂ ಹೊರಾಂಗಣದ ವಿನ್ಯಾಸ: ನಾಗರಿಕರಿಗೆ ಮಾಹಿತಿ

ಪೀಠಿಕೆ

ಮನೆಯ ಒಳಗೂ ಅಲ್ಲದ, ಪೂರ್ತಿ ಹೊರಗೂ ಅಲ್ಲದ ಜಾಗವೊಂದನ್ನು ಇರಿಸಿಕೊಳ್ಳುವುದು ಕರ್ನಾಟಕದ ಮನೆಗಳ ಹಳೆಯ ಪದ್ಧತಿ. ಹಳೆ ಮೈಸೂರು ಸೀಮೆಯ ತೊಟ್ಟಿಮನೆಗಳಲ್ಲಿ ಬೀದಿಯ ಕಡೆಗೆ ಜಗಲಿ, ಉತ್ತರ ಕರ್ನಾಟಕದಲ್ಲಿ ಕಟ್ಟೆ ಮತ್ತು ಪಡಸಾಲೆ, ಕರಾವಳಿಯ ಗುತ್ತಿನ ಮನೆಗಳಲ್ಲಿ ಚಾವಡಿ, ಕೊಡಗಿನ ಐನ್‌ಮನೆಗಳಲ್ಲಿ ಕಂಬಗಳ ನಡುವೆ ಕೂರಲು ಜೋಡಿಸಿದ ದಪ್ಪ ಹಲಗೆಯ ಐಮರ, ಇವೆಲ್ಲವೂ ಒಂದೇ ಅಗತ್ಯವನ್ನು ಪೂರೈಸುತ್ತಿದ್ದವು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಮುಂತಾದ ಹಳೆಯ ಬಡಾವಣೆಗಳ ಬಂಗಲೆಗಳಲ್ಲಿ ಮುಂದಿನ ಜಗಲಿಗೆ ಮರದ ಪಟ್ಟಿಗಳ ಜಾಲಂಧ್ರವನ್ನು ಹೊಂದಿಸಿರುವುದನ್ನು ಇಂದಿಗೂ ಕಾಣಬಹುದು.

ಆದರೆ ಸೊಳ್ಳೆಗಳ ಕಾರಣದಿಂದ ಅನೇಕ ಕುಟುಂಬಗಳು ಸಂಜೆಯಾಗುತ್ತಲೇ ಬಾಗಿಲು, ಕಿಟಕಿಗಳನ್ನು ಮುಚ್ಚಿ ಒಳಗೆ ಉಳಿಯುವಂತಾಗಿದೆ. ಜಗಲಿಗೆ ಜಾಲರಿ ಹಾಕಿಸುವುದು ಇದಕ್ಕೆ ಉತ್ತಮ ಪರಿಹಾರ. ಆದಾಗ್ಯೂ ಬಾಗಿಲ ಕೆಳಗಿನ ಸಂದು, ಹಂಚಿನ ಕೆಳಗಿನ ತೆರವು ಅಥವಾ ಅಂಗಳದಲ್ಲಿ ನಿಂತ ನೀರನ್ನು ಗಮನಿಸದಿದ್ದರೆ ಖರ್ಚು ಮಾಡಿದ ಹಣ ವ್ಯರ್ಥವಾಗುತ್ತದೆ. ಅನುಮತಿಯಿಲ್ಲದೆ ಕಟ್ಟಿದಲ್ಲಿ ಕಟ್ಟಿದ್ದನ್ನೇ ತೆಗೆಯಬೇಕಾದ ಸಂದರ್ಭವೂ ಬರಬಹುದು. ಆದುದರಿಂದ ಕೆಲಸ ಆರಂಭಿಸುವ ಮುನ್ನ ನಾಗರಿಕರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಜಾಲರಿಯ ಅವಶ್ಯಕತೆ

ಸೊಳ್ಳೆಗಳು ರಾತ್ರಿ ಮಾತ್ರ ಕಚ್ಚುತ್ತವೆ ಎಂಬುದು ತಪ್ಪು ಕಲ್ಪನೆ. ಡೆಂಗಿ ಮತ್ತು ಚಿಕುನ್‌ಗುನ್ಯ ರೋಗಗಳನ್ನು ಹರಡುವ ಈಡಿಸ್ ಸೊಳ್ಳೆಯು ಹಗಲಿನಲ್ಲಿ ಕಚ್ಚುತ್ತದೆ. ಬೆಳಗಿನ ಹೊತ್ತು ಮತ್ತು ಸೂರ್ಯಾಸ್ತಕ್ಕೆ ಮುಂಚಿನ ಕೆಲವು ಗಂಟೆಗಳಲ್ಲಿ ಇದರ ಹಾವಳಿ ಹೆಚ್ಚು. ಮಕ್ಕಳು ಆಡುವ, ಹಿರಿಯರು ಪತ್ರಿಕೆ ಓದುತ್ತಾ ಕೂರುವ ವೇಳೆಯೂ ಅದೇ ಆಗಿರುತ್ತದೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತದೆ. ಮಲಗುವಾಗ ಕಟ್ಟುವ ಸೊಳ್ಳೆ ಪರದೆಯು ರಾತ್ರಿ ರಕ್ಷಣೆ ನೀಡುತ್ತದೆಯಾದರೂ ಹಗಲಿನ ಸೊಳ್ಳೆಯಿಂದ ಮನೆಮಂದಿಯನ್ನು ಕಾಪಾಡಲಾರದು. ಜಾಲರಿ ಹಾಕಿದ ಜಗಲಿಯ ಮುಖ್ಯ ಪ್ರಯೋಜನವಿರುವುದು ಇಲ್ಲಿಯೇ.

ಸ್ಥಳ ಮತ್ತು ದಿಕ್ಕಿನ ಆಯ್ಕೆ

ಹೊಸದಾಗಿ ಜಗಲಿ ಕಟ್ಟುವವರು ಮೊದಲು ಬಿಸಿಲು ಮತ್ತು ಮಳೆಯ ದಿಕ್ಕನ್ನು ಪರಿಶೀಲಿಸಬೇಕು.

ಪೂರ್ವ ದಿಕ್ಕಿನ ಜಗಲಿಗೆ ಬೆಳಗಿನ ಎಳೆಬಿಸಿಲು ದೊರೆತು, ಮಧ್ಯಾಹ್ನದ ನಂತರ ನೆರಳು ಇರುತ್ತದೆ. ವರ್ಷದ ಬಹುಕಾಲ ಸಂಜೆ ಕೂರಲು ಇದು ಅನುಕೂಲ.

ಉತ್ತರ ದಿಕ್ಕಿನ ಜಗಲಿ ಸಾಮಾನ್ಯವಾಗಿ ತಂಪಾಗಿರುತ್ತದೆ. ಆದರೆ ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯಭಾಗದವರೆಗೆ ನಡುಹಗಲಿನ ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ಇರುವುದರಿಂದ ಮೇ ತಿಂಗಳಿನಲ್ಲಿ ಈ ಕಡೆಗೂ ಸ್ವಲ್ಪ ಬಿಸಿಲು ಬೀಳುತ್ತದೆ. ಅಗಲವಾದ ಸಜ್ಜದಿಂದ ಇದನ್ನು ತಡೆಯಬಹುದು.

ದಕ್ಷಿಣ ದಿಕ್ಕಿನ ಜಗಲಿಗೆ ಚಳಿಗಾಲದಲ್ಲಿ ಹಿತವಾದ ಬಿಸಿಲು ದೊರೆಯುತ್ತದೆ.

ಪಶ್ಚಿಮ ದಿಕ್ಕಿನ ಜಗಲಿಗೆ ಸಂಜೆಯ ಇಳಿಬಿಸಿಲು ನೇರವಾಗಿ ಒಳಬರುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರಿನ ಎರಚಲೂ ಇದೇ ಕಡೆಯಿಂದ ಹೊಡೆಯುತ್ತದೆ. ಅನ್ಯಮಾರ್ಗವಿಲ್ಲದಿದ್ದಲ್ಲಿ ಮಾತ್ರ ಈ ದಿಕ್ಕನ್ನು ಆರಿಸಿಕೊಂಡು, ಬಿದಿರಿನ ಪರದೆ, ಲಾವಂಚದ ತಟ್ಟಿ ಅಥವಾ ಹೆಣೆದ ತೆಂಗಿನ ಗರಿಯ ತಟ್ಟಿಗಳನ್ನು ಕಾಲಕ್ಕೆ ತಕ್ಕಂತೆ ಇಳಿಬಿಡುವುದು ಸೂಕ್ತ.

ಅಳತೆಗಳು

ನಾಲ್ಕು ಅಡಿ ಅಗಲದ ಜಗಲಿ ಓಡಾಟಕ್ಕೆ ಮಾತ್ರ ಸಾಲುತ್ತದೆ. ಒಂದು ಬದಿಯಲ್ಲಿ ಕೂರುವ ಕಟ್ಟೆ ಇರಿಸಿ ಉಳಿದ ಜಾಗದಲ್ಲಿ ಓಡಾಡಲು ಕನಿಷ್ಠ 6 ಅಡಿ ಬೇಕು. ಮೇಜು, ಕುರ್ಚಿ ಇರಿಸಿ ಊಟ ಮಾಡುವಂತಿರಬೇಕಾದರೆ 8ರಿಂದ 10 ಅಡಿ ಅಗಲ ಅವಶ್ಯ. ಕೂರುವ ಕಟ್ಟೆಯ ಎತ್ತರ 16ರಿಂದ 18 ಇಂಚು ಇದ್ದಲ್ಲಿ ವೃದ್ಧರು ಏಳಲು, ಕೂರಲು ಅನುಕೂಲವಾಗುತ್ತದೆ.

ಕೆಳಭಾಗದಲ್ಲಿ ಒಂದೂವರೆಯಿಂದ ಎರಡು ಅಡಿ ಎತ್ತರದ ಗೋಡೆ ಕಟ್ಟಿ, ಅದರ ಮೇಲಿನಿಂದ ಜಾಲರಿ ಆರಂಭಿಸುವುದು ಒಳ್ಳೆಯದು. ನೆಲದಿಂದಲೇ ಜಾಲರಿ ಹಾಕಿದಲ್ಲಿ ಮಕ್ಕಳ ಕಾಲು, ನಾಯಿಯ ಉಗುರು ಮತ್ತು ಕಸಪೊರಕೆಯ ತಾಗುವಿಕೆಯಿಂದ ಅದು ಬೇಗನೆ ಹರಿಯುತ್ತದೆ. ಈ ಗೋಡೆಯನ್ನೇ ಕೂರುವ ಕಟ್ಟೆಯನ್ನಾಗಿ ರೂಪಿಸಿದರೆ ಖರ್ಚೂ ಉಳಿಯುತ್ತದೆ.

ಜಾಲರಿಯ ಆಯ್ಕೆ

ಸೊಳ್ಳೆ ತಡೆಯಲು ಜಾಲರಿಯ ರಂಧ್ರ 1.2ರಿಂದ 1.5 ಮಿಲಿಮೀಟರ್‌ಗಿಂತ ದೊಡ್ಡದಿರಬಾರದು. ಒಂದು ಇಂಚಿಗೆ 18 ಎಳೆ ಉದ್ದಕ್ಕೂ 16 ಎಳೆ ಅಡ್ಡಕ್ಕೂ ಇರುವ ಜಾಲರಿ ಈ ಉದ್ದೇಶಕ್ಕೆ ತಕ್ಕುದಾಗಿದೆ. ಇದಕ್ಕಿಂತ ಸಣ್ಣ ರಂಧ್ರದ ಜಾಲರಿ ಹೆಚ್ಚು ರಕ್ಷಣೆ ಕೊಡುವಂತೆ ಕಂಡರೂ ಗಾಳಿಯ ಹರಿವನ್ನು ಗಣನೀಯವಾಗಿ ಕಡಿಮೆ ಮಾಡುತ್ತದೆ. ಯಾವುದೇ ಜಾಲರಿಯು ಗಾಳಿಯನ್ನು ಸ್ವಲ್ಪ ತಡೆಯುವುದರಿಂದ ಎದುರುಬದುರು ಎರಡು ಕಡೆ ತೆರವು ಇರಿಸಿ, ಸಾಧ್ಯವಿದ್ದಲ್ಲಿ ಸೀಲಿಂಗ್ ಫ್ಯಾನ್ ಅಳವಡಿಸಬೇಕು.

ಫೈಬರ್ ಗ್ಲಾಸ್ ಜಾಲರಿಯ ಬೆಲೆ ಕಡಿಮೆ, ತುಕ್ಕು ಹಿಡಿಯುವುದಿಲ್ಲ. ಆದರೆ ಇಲಿ, ಬೆಕ್ಕುಗಳಿಂದ ಹರಿಯುತ್ತದೆ ಮತ್ತು ಬೆಂಕಿಗೆ ಸುಲಭವಾಗಿ ಹಾಳಾಗುತ್ತದೆ. ಅಲ್ಯೂಮಿನಿಯಂ ಜಾಲರಿ ಹಗುರ. ಒತ್ತಿದರೆ ತಗ್ಗು ಬೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ದುಬಾರಿಯಾದರೂ ದೀರ್ಘಕಾಲ ಬಾಳುತ್ತದೆ. ಸಾಮಾನ್ಯ ಪ್ರದೇಶಗಳಿಗೆ 304 ದರ್ಜೆ ಸಾಕಾಗುತ್ತದೆ. ಉಪ್ಪುಗಾಳಿಯಿರುವ ಕರಾವಳಿಯಲ್ಲಿ 316 ದರ್ಜೆ ಉತ್ತಮ. ಸತು ಲೇಪಿತ ಕಬ್ಬಿಣದ ಜಾಲರಿಯು ಕರಾವಳಿಯಲ್ಲಿ ಬೇಗನೆ ತುಕ್ಕು ಹಿಡಿಯುತ್ತದೆ.

ಜಾಲರಿಯ ಒಂದೊಂದು ಚೌಕಟ್ಟಿನ ಅಗಲ 3ರಿಂದ 4 ಅಡಿ ಮೀರದಿರಲಿ. ಅಗಲ ಹೆಚ್ಚಿದಷ್ಟೂ ಜಾಲರಿ ಜೋತುಬಿದ್ದು ಅಂಚಿನಲ್ಲಿ ಬಿಡುತ್ತದೆ. ಚೌಕಟ್ಟುಗಳು ತಿರುಪಿನಿಂದ ಬಿಚ್ಚಿ ತೊಳೆಯುವಂತಿರಬೇಕು. ಧೂಳು ತುಂಬಿದ ಜಾಲರಿ ಗಾಳಿಗೆ ಗೋಡೆಯಿದ್ದಂತೆ.

ಬಾಗಿಲು ಮತ್ತು ಸಂದುಗಳು

ಜಾಲರಿ ಬಾಗಿಲು ಹೊರಮುಖವಾಗಿ ತೆರೆಯುವಂತಿರಬೇಕು. ಒಳಮುಖವಾಗಿ ತೆರೆದಲ್ಲಿ ಬಾಗಿಲ ಮೇಲೆ ಕುಳಿತ ಸೊಳ್ಳೆಗಳು ಅದರೊಂದಿಗೇ ಒಳಬರುತ್ತವೆ. ಮನುಷ್ಯರ ಉಸಿರು ಮತ್ತು ಮೈಯ ಬಿಸಿ ಸೊಳ್ಳೆಗಳನ್ನು ಸೆಳೆಯುವುದರಿಂದ ಜನರು ನಿಂತು ಮಾತನಾಡುವ ಬಾಗಿಲ ಬಳಿಯೇ ಅವು ಸೇರುತ್ತವೆ. ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂತೆ ಸ್ಪ್ರಿಂಗ್ ಹಾಕಿಸಿ, ಕೆಳಗಿನ ಸಂದಿಗೆ ರಬ್ಬರ್ ಅಥವಾ ಕುಂಚದ ಪಟ್ಟಿ ಜೋಡಿಸಬೇಕು.

ಹಂಚಿನ ಮನೆಗಳಲ್ಲಿ ಹೆಚ್ಚಾಗಿ ಮರೆತುಹೋಗುವುದು ಗೋಡೆಯ ತುದಿ ಮತ್ತು ಸೂರಿನ ನಡುವಿನ ತೆರವು. ಬಿಸಿಗಾಳಿ ಹೊರಹೋಗಲು ಈ ತೆರವು ಅಗತ್ಯವಾದುದರಿಂದ ಅದನ್ನು ಸಿಮೆಂಟಿನಿಂದ ಮುಚ್ಚಬಾರದು; ಜಾಲರಿಯನ್ನೇ ಹೊಡೆಸಬೇಕು. ಮಂಗಳೂರು ಹಂಚುಗಳ ನಡುವೆಯೂ ಸಂದುಗಳಿರುವ ಕಾರಣ ರೀಪಿನ ಕೆಳಗೆ ಜಾಲರಿಯ ಒಳಮಾಡು ಮಾಡಿಸುವುದು ಅಪೇಕ್ಷಣೀಯ. ನೀರು ಹರಿಯುವ ತೂಬು, ವಿದ್ಯುತ್ ತಂತಿ ಒಳಬರುವ ರಂಧ್ರಗಳನ್ನೂ ಪರಿಶೀಲಿಸಬೇಕು.

ನೆಲ, ಸೂರು ಮತ್ತು ಮಳೆ

ಜಾಲರಿಯು ಸೊಳ್ಳೆಯನ್ನು ತಡೆಯುತ್ತದೆ, ಮಳೆಯನ್ನಲ್ಲ. ಜಗಲಿಯ ನೆಲ ಅಂಗಳಕ್ಕಿಂತ ಕನಿಷ್ಠ 6 ಇಂಚು ಎತ್ತರದಲ್ಲಿದ್ದು, ಹೊರಗಿನ ಕಡೆಗೆ 100ಕ್ಕೆ 1ರಂತೆ ಇಳಿಜಾರು ಹೊಂದಿರಬೇಕು. ಹೆಚ್ಚು ಮಳೆ ಬೀಳುವ ಜಿಲ್ಲೆಗಳಲ್ಲಿ ಸೂರಂಚು ಎರಡೂವರೆಯಿಂದ ಮೂರು ಅಡಿ ಹೊರಚಾಚಿದ್ದರೆ ಎರಚಲು ಕಡಿಮೆಯಾಗುತ್ತದೆ. ನೆಲಕ್ಕೆ ಜಾರದಂತಹ ಒರಟು ಕಲ್ಲು ಅಥವಾ ಕೆಂಪು ಹಂಚು ಹಾಕಿಸಬೇಕು. ನುಣುಪಾದ ಗ್ರಾನೈಟ್ ಮತ್ತು ಟೈಲ್ಸ್ ಒದ್ದೆಯಾದಾಗ ಅಪಾಯಕಾರಿ.

ಅಂಗಳದಲ್ಲಿ ನಿಂತ ನೀರು

ಜಾಲರಿಯ ಹೊರಗೆ ಸೊಳ್ಳೆ ಹುಟ್ಟುತ್ತಿದ್ದರೆ ಒಳಗಿನ ರಕ್ಷಣೆ ಅಪೂರ್ಣ. ಈಡಿಸ್ ಸೊಳ್ಳೆಯು ಚರಂಡಿಯಲ್ಲಿ ಅಲ್ಲ, ಮನೆಯ ಸುತ್ತಲಿನ ಶುದ್ಧ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ವಾರಕ್ಕೊಂದು ದಿನ ನೀರು ಚೆಲ್ಲಿ, ಪಾತ್ರೆ ಉಜ್ಜಿ, ಒಣಗಿಸಬೇಕೆಂಬ ಸಲಹೆಯ ಹಿಂದಿರುವುದು ಈ ಲೆಕ್ಕವೇ. ಮೊಟ್ಟೆಗಳು ಪಾತ್ರೆಯ ಒಳಬದಿಗೆ ಅಂಟಿಕೊಳ್ಳುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು.

ಗಮನಿಸಬೇಕಾದ ಸ್ಥಳಗಳು:
1. ಹೂಕುಂಡಗಳ ಕೆಳಗಿನ ತಟ್ಟೆಗಳು. ಇವುಗಳನ್ನು ತೆಗೆದುಹಾಕುವುದು ಅಥವಾ ಮರಳಿನಿಂದ ತುಂಬುವುದು ಸೂಕ್ತ.
2. ಮನಿ ಪ್ಲಾಂಟ್ ಇರಿಸಿದ ಸೀಸೆಗಳು.
3. ತೋಟದ ಮನೆಗಳಲ್ಲಿ ಉದುರಿದ ಅಡಿಕೆ ಹಾಳೆ, ತೆಂಗಿನ ಚಿಪ್ಪು ಮತ್ತು ರಬ್ಬರ್ ಹಾಲಿನ ಚಿಪ್ಪುಗಳು.
4. ಹಳೆಯ ಟೈರು, ಒಡೆದ ಬಕೆಟ್, ಮುಚ್ಚಳವಿಲ್ಲದ ಡ್ರಮ್ಮು, ಒರಳುಕಲ್ಲಿನ ಗುಳಿ.
5. ಸೂರಿನ ದೋಣಿ. ಎಲೆ ಸಿಕ್ಕಿಕೊಂಡು ನೀರು ನಿಲ್ಲದಂತೆ ಮಳೆಗಾಲಕ್ಕೆ ಮುನ್ನ ಸ್ವಚ್ಛಗೊಳಿಸಬೇಕು.
6. ಮಳೆನೀರು ಸಂಗ್ರಹದ ತೊಟ್ಟಿ. ಮುಚ್ಚಳ ಮತ್ತು ಗಾಳಿಕೊಳವೆಗೆ ಜಾಲರಿ ಇರಬೇಕು.

ರಾಜ್ಯದಲ್ಲಿ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಅವಕಾಶ ನೀಡುವ ಮನೆಗಳಿಗೆ ನಗರ ಪ್ರದೇಶದಲ್ಲಿ ರೂ. 400 ಮತ್ತು ಗ್ರಾಮೀಣ ಪ್ರದೇಶದಲ್ಲಿ ರೂ. 200 ದಂಡವನ್ನು ನಿಗದಿಪಡಿಸಲಾಯಿತು.

ಸುರಕ್ಷತೆ

ಜಾಲರಿಯನ್ನು ಕಟಕಟೆಯೆಂದು ಭಾವಿಸಬಾರದು. ಮಹಡಿಯ ಜಗಲಿ ಹಾಗೂ ಬಾಲ್ಕನಿಗಳಲ್ಲಿ ಜಾಲರಿ ಇದ್ದರೂ ಕನಿಷ್ಠ 1 ಮೀಟರ್ ಎತ್ತರದ ಗಟ್ಟಿಯಾದ ಕಟಕಟೆ ಇರಲೇಬೇಕು. ಮಕ್ಕಳು ಹತ್ತಬಹುದಾದ ಕಟ್ಟೆ, ಕುರ್ಚಿಗಳನ್ನು ಅದಕ್ಕೆ ತಾಗಿಸಿ ಇರಿಸಬಾರದು.

ದೀಪಾವಳಿ, ಕಾರ್ತಿಕ ಮಾಸದಲ್ಲಿ ಕಟ್ಟೆಯ ಮೇಲೆ ಹಣತೆ ಹಚ್ಚುವಾಗ ಫೈಬರ್ ಗ್ಲಾಸ್ ಜಾಲರಿಯಿಂದ ದೂರವಿರಿಸಬೇಕು. ಜಾಲರಿಯೊಳಗೆ ಇದ್ದಿಲ ಒಲೆ ಹೊತ್ತಿಸಬಾರದು. ಹೊರಾಂಗಣದ ಸ್ವಿಚ್ಚು, ಪ್ಲಗ್ಗುಗಳು ನೀರು ತಾಗದ ಮಾದರಿಯದಾಗಿದ್ದು, ಆ ಮಾರ್ಗಕ್ಕೆ 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಅಳವಡಿಸುವುದರಿಂದ ವಿದ್ಯುತ್ ಆಘಾತದ ಅಪಾಯ ತಗ್ಗುತ್ತದೆ. ಜಗಲಿಯು ಮನೆಯ ಮುಖ್ಯ ದಾರಿಯಾಗಿದ್ದಲ್ಲಿ ಜಾಲರಿ ಬಾಗಿಲು ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂತಿರಬೇಕು.

ಅನುಮತಿ ಮತ್ತು ಅರ್ಜಿ

ಈಗಾಗಲೇ ಮಂಜೂರಾದ ನಕ್ಷೆಯಲ್ಲಿರುವ ಜಗಲಿಗೆ ಬಿಚ್ಚಿ ತೆಗೆಯಬಹುದಾದ ಜಾಲರಿ ಚೌಕಟ್ಟುಗಳನ್ನು ಹೊಂದಿಸುವುದು ಬೇರೆ; ಹೊಸದಾಗಿ ಕಂಬ, ಗೋಡೆ, ಛಾವಣಿ ಕಟ್ಟುವುದು ಬೇರೆ. ಎರಡನೆಯದು ನಿರ್ಮಾಣವೆನಿಸುತ್ತದೆ ಮತ್ತು ಅದಕ್ಕೆ ಅನುಮತಿ ಪಡೆಯಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 64, ಪಟ್ಟಣ ಪಂಚಾಯಿತಿ, ಪುರಸಭೆ ಹಾಗೂ ನಗರಸಭೆಗಳಲ್ಲಿ ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಪ್ರಕರಣ 187, ಮಹಾನಗರ ಪಾಲಿಕೆಗಳಲ್ಲಿ ಕರ್ನಾಟಕ ಪೌರ ನಿಗಮಗಳ ಅಧಿನಿಯಮ, 1976ರ ಪ್ರಕರಣ 299 ಈ ಸಂಬಂಧ ಅನ್ವಯಿಸುತ್ತವೆ. ಬೆಂಗಳೂರು ನಗರಕ್ಕೆ 2025ರಲ್ಲಿ ಜಾರಿಗೆ ಬಂದ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024 ಅನ್ವಯಿಸುತ್ತದೆ.

ಮುಖ್ಯವಾಗಿ ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಕಡ್ಡಾಯವಾಗಿ ಬಿಡಬೇಕಾದ ತೆರೆದ ಜಾಗವನ್ನು ಜಗಲಿಯ ಹೆಸರಿನಲ್ಲಿ ಮುಚ್ಚುವಂತಿಲ್ಲ. ಗಾಳಿ, ಬೆಳಕು ಮತ್ತು ಅಗ್ನಿಶಾಮಕ ಸಿಬ್ಬಂದಿಯ ಓಡಾಟಕ್ಕೆ ಈ ಜಾಗ ಬೇಕಾಗುತ್ತದೆ. ಸುತ್ತಲೂ ಜಾಲರಿಯೇ ಇದ್ದರೂ ಮೇಲೆ ಛಾವಣಿ ಬಂದ ಮೇಲೆ ಅದು ತೆರೆದ ಜಾಗವಾಗಿ ಉಳಿಯುವುದಿಲ್ಲ.

ಅರ್ಜಿಯೊಂದಿಗೆ ಸಾಮಾನ್ಯವಾಗಿ ಸಿದ್ಧವಿರಿಸಿಕೊಳ್ಳಬೇಕಾದ ದಾಖಲೆಗಳು:
1. ಖಾತೆ ಅಥವಾ ಗ್ರಾಮೀಣ ಪ್ರದೇಶದಲ್ಲಿ ಇ-ಸ್ವತ್ತು ಮೂಲಕ ಪಡೆದ ಆಸ್ತಿ ನಮೂನೆ.
2. ಚಾಲ್ತಿ ಸಾಲಿನ ಆಸ್ತಿ ತೆರಿಗೆ ಪಾವತಿಸಿದ ರಸೀದಿ.
3. ಹಿಂದೆ ಮಂಜೂರಾದ ಕಟ್ಟಡ ನಕ್ಷೆಯ ಪ್ರತಿ.
4. ಜಗಲಿಯ ಅಳತೆ ಮತ್ತು ನಿವೇಶನದ ಗಡಿಯಿಂದ ಅದರ ದೂರವನ್ನು ತೋರಿಸುವ ಹೊಸ ನಕ್ಷೆ.

ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಬಾಡಿಗೆದಾರರು ಜಾಲರಿ ಹಾಕಿಸಬಹುದೇ?
ಉತ್ತರ: ಮಾಲೀಕರ ಒಪ್ಪಿಗೆ ಪಡೆದು, ಗೋಡೆಗೆ ಹಾನಿಯಾಗದಂತೆ ಬಿಚ್ಚಿ ತೆಗೆಯಬಹುದಾದ ಚೌಕಟ್ಟುಗಳನ್ನು ಹಾಕಿಸುವುದು ಸೂಕ್ತ. ಒಪ್ಪಿಗೆ ಲಿಖಿತವಾಗಿದ್ದರೆ ಮುಂದೆ ವಿವಾದಕ್ಕೆ ಆಸ್ಪದವಿರುವುದಿಲ್ಲ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಜಾಲರಿ ಹಾಕಿಸುವ ಮುನ್ನ ಏನು ಮಾಡಬೇಕು?
ಉತ್ತರ: ಕಟ್ಟಡದ ಹೊರನೋಟಕ್ಕೆ ಸಂಬಂಧಿಸಿದ ವಿಷಯವಾದುದರಿಂದ ನಿವಾಸಿಗಳ ಸಂಘದ ನಿಯಮಗಳನ್ನು ತಿಳಿದುಕೊಳ್ಳಬೇಕು. ಬಾಲ್ಕನಿಯನ್ನು ಗೋಡೆ ಅಥವಾ ಗಾಜಿನಿಂದ ಮುಚ್ಚಿ ಕೋಣೆಯಾಗಿಸುವುದು ನಕ್ಷೆಯ ಉಲ್ಲಂಘನೆಯಾಗಬಹುದು.

ಪ್ರಶ್ನೆ: ಇಡೀ ಜಗಲಿಗೆ ಜಾಲರಿ ಹಾಕಿಸಲು ಹಣವಿಲ್ಲದವರು ಏನು ಮಾಡಬಹುದು?
ಉತ್ತರ: ಮೊದಲು ಅಂಗಳದ ನೀರನ್ನು ತೊಲಗಿಸುವುದು, ಇದಕ್ಕೆ ಖರ್ಚಿಲ್ಲ. ಅನಂತರ ಮಲಗುವ ಕೋಣೆಯ ಕಿಟಕಿಗಳಿಗೆ, ಆಮೇಲೆ ಜಗಲಿಯ ಒಂದು ಭಾಗಕ್ಕೆ ಜಾಲರಿ ಹಾಕಿಸಬಹುದು. ಮಗುವಿನ ತೊಟ್ಟಿಲು ಅಥವಾ ಹಾಸಿಗೆ ಹಿಡಿದ ಹಿರಿಯರ ಮಂಚ ಇರುವ ಭಾಗಕ್ಕೆ ಆದ್ಯತೆ ನೀಡಬೇಕು. ಅರ್ಧಂಬರ್ಧ ಮುಚ್ಚಿದ ದೊಡ್ಡ ಜಗಲಿಗಿಂತ ಪೂರ್ತಿ ಮುಚ್ಚಿದ ಸಣ್ಣ ಭಾಗವೇ ಹೆಚ್ಚು ಪ್ರಯೋಜನಕಾರಿ.

ವಿಶೇಷ ಸೂಚನೆ: ಸೆಟ್‌ಬ್ಯಾಕ್ ಅಳತೆ ಮತ್ತು ಶುಲ್ಕಗಳು ನಿವೇಶನದ ವಿಸ್ತೀರ್ಣ ಹಾಗೂ ಸ್ಥಳೀಯ ಸಂಸ್ಥೆಗೆ ಅನುಗುಣವಾಗಿ ಬದಲಾಗುತ್ತವೆ. ಗುತ್ತಿಗೆದಾರರಿಗೆ ಮುಂಗಡ ಹಣ ನೀಡುವ ಮುನ್ನ ಅರ್ಜಿದಾರರು ತಮ್ಮ ವ್ಯಾಪ್ತಿಯ ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ನಿಯಮಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು.