ಹೊಳವನಹಳ್ಳಿಗೆ ತುಟ್ಟಿಭತ್ಯೆ ಇಲ್ಲ

2025ರ ಅಕ್ಟೋಬರ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತು. 2012ನ್ನು ಆಧಾರವಾಗಿಟ್ಟುಕೊಂಡ ಬೆಲೆ ಸೂಚ್ಯಂಕ ಶುರುವಾದ ಮೇಲೆ ಅಷ್ಟು ಕಡಿಮೆ ಎಂದೂ ಆಗಿರಲಿಲ್ಲ. ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳಲ್ಲಿ ಆರ್ಥಿಕತೆ ಶೇ 8.2ರಷ್ಟು ಬೆಳೆದಿತ್ತು ಎಂಬ ಲೆಕ್ಕವೂ ನವೆಂಬರ್ ಕೊನೆಗೆ ಹೊರಬಂತು. ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 5.25ಕ್ಕೆ ಇಳಿಸಿತು. ಬೆಲೆ ತಗ್ಗಿದೆ, ಬೆಳವಣಿಗೆ ಹಿಗ್ಗಿದೆ, ಇಂಥ ಕಾಲ ಅಪರೂಪ ಎಂಬ ಧಾಟಿಯಲ್ಲಿ ಗವರ್ನರ್ ಸಂಜಯ್ ಮಲ್ಹೋತ್ರಾ ಮಾತನಾಡಿದರು. ಮುಂಬೈಯಲ್ಲಿ ನಿಂತು ನೋಡಿದರೆ ಅದು ನಿಜವೇ. ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಲ್ಲಿ, ಜಯಮಂಗಲಿ ದಂಡೆಯಲ್ಲಿ ನಿಂತು ನೋಡಿದರೆ ಅದೇ ಅಂಕಿಯ ಇನ್ನೊಂದು ಮಗ್ಗುಲು ಕಾಣುತ್ತದೆ.

ಆ ಅಕ್ಟೋಬರ್‌ನಲ್ಲಿ ಹಣದುಬ್ಬರವನ್ನು ಅಷ್ಟು ಕೆಳಗೆ ಎಳೆದದ್ದು ಮುಖ್ಯವಾಗಿ ಆಹಾರ. ಆಹಾರ ಪದಾರ್ಥಗಳ ಬೆಲೆ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ 5ರಷ್ಟು ಕಡಿಮೆಯಿತ್ತು. ಪಟ್ಟಣದ ಮನೆಯಲ್ಲಿ ಇದನ್ನು ಉಳಿತಾಯ ಎನ್ನುತ್ತಾರೆ. ಬೆಳೆದು ಮಾರುವವನ ಮನೆಯಲ್ಲಿ ಆದಾಯದ ಕಡಿತ ಎನ್ನಬೇಕಾಗುತ್ತದೆ. ಅಕ್ಟೋಬರ್ ಎಂದರೆ ಪಾವಗಡ, ಶಿರಾ, ಮಧುಗಿರಿ ಕಡೆ ಕಡಲೆಕಾಯಿ ಕಿತ್ತು ಒಣಹಾಕುವ ಹೊತ್ತು, ರಾಗಿ ತೆನೆ ಬಲಿಯುವ ಹೊತ್ತು. ದೇಶದ ಲೆಕ್ಕದಲ್ಲಿ ಒಳ್ಳೆಯ ಸುದ್ದಿ ಬರುವುದೂ, ಈ ಸೀಮೆಯವರು ಮಾಲು ಹಿಡಿದು ಎಪಿಎಂಸಿ ಬಾಗಿಲಿಗೆ ಹೋಗುವುದೂ ಒಂದೇ ತಿಂಗಳಲ್ಲಿ.

ಕಡಲೆಕಾಯಿಯ ಕಥೆಯನ್ನು ಸ್ವಲ್ಪ ನಿಂತು ನೋಡಬೇಕು. ನಾವು ತಿನ್ನುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ಇಂಡೊನೇಷ್ಯಾ, ಮಲೇಷ್ಯಾದ ತಾಳೆ ಎಣ್ಣೆ, ರಷ್ಯಾ, ಉಕ್ರೇನ್ ಕಡೆಯ ಸೂರ್ಯಕಾಂತಿ ಎಣ್ಣೆ. 2022ರಲ್ಲಿ ಅಲ್ಲಿ ಯುದ್ಧ ಶುರುವಾಯಿತು. ಅದೇ ಏಪ್ರಿಲ್‌ನಲ್ಲಿ ಇಂಡೊನೇಷ್ಯಾ ಕೆಲವು ವಾರ ತಾಳೆ ಎಣ್ಣೆಯ ರಫ್ತನ್ನೇ ನಿಲ್ಲಿಸಿತು. ನಮ್ಮ ಕಿರಾಣಿ ಅಂಗಡಿಗಳಲ್ಲಿ ಎಣ್ಣೆ ಪ್ಯಾಕೆಟ್ಟಿನ ದರ ನೋಡಿ ಜನ ಬೆಚ್ಚಿದರು. ಸರ್ಕಾರ ಆಮದು ಸುಂಕ ಇಳಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಎಣ್ಣೆಕಾಳು ಬೆಳೆಗಾರರಿಗೆ ಬೆಲೆ ಸಿಗಲೆಂದು ಕಚ್ಚಾ ಎಣ್ಣೆಯ ಸುಂಕವನ್ನು ಶೇ 5.5ರಿಂದ 27.5ಕ್ಕೆ ಏರಿಸಿತು. ಎಣ್ಣೆ ದುಬಾರಿಯಾಯಿತೆಂದು 2025ರ ಮೇ ಕೊನೆಗೆ ಮತ್ತೆ 16.5ಕ್ಕೆ ಇಳಿಸಿತು. ಮುಂಗಾರು ಬಿತ್ತನೆಗೆ ರೈತ ಬೀಜ ಕೊಳ್ಳುವ ದಿನಗಳವು. ಬಿತ್ತುವ ಮುಂಚೆ ಒಂದು ಸುಂಕ, ಕೀಳುವ ಹೊತ್ತಿಗೆ ಇನ್ನೊಂದು ಎಂಬಂತಾದರೆ, ಮಳೆಯನ್ನೇ ನೆಚ್ಚಿಕೊಂಡ ಪಾವಗಡದ ರೈತ ಯಾವ ಲೆಕ್ಕ ಹಾಕಿ ಕಡಲೆಕಾಯಿ ಬಿತ್ತಬೇಕು?

ಬೆಂಬಲ ಬೆಲೆಯ ಪಟ್ಟಿಯೂ ಇದನ್ನೇ ಹೇಳುತ್ತದೆ. 2013–14ರಲ್ಲಿ ಕ್ವಿಂಟಲ್ ಕಡಲೆಕಾಯಿಗೆ 4,000 ರೂಪಾಯಿ, ರಾಗಿಗೆ 1,500 ರೂಪಾಯಿ ಇತ್ತು. 2025–26ಕ್ಕೆ ಕಡಲೆಕಾಯಿ 7,263 ಆಗಿದೆ, ರಾಗಿ 4,886 ಆಗಿದೆ. ರಾಗಿ ಮೂರು ಪಟ್ಟು ದಾಟಿತು. ಕಡಲೆಕಾಯಿ ಎರಡು ಪಟ್ಟನ್ನೂ ಮುಟ್ಟಲಿಲ್ಲ. ಅದೇ ಅವಧಿಯ ಒಟ್ಟಾರೆ ಬೆಲೆ ಏರಿಕೆಯ ಪಕ್ಕದಲ್ಲಿ ಇಟ್ಟರೆ ಇದ್ದಲ್ಲೇ ಇದೆ. ಒಣಭೂಮಿಯ ಸಿರಿಧಾನ್ಯಕ್ಕೆ ಮನ್ನಣೆ ಸಿಕ್ಕಿದ್ದು ಸಂತೋಷದ ಸಂಗತಿಯೇ. ಆದರೆ ಖರೀದಿ ಕೇಂದ್ರದಲ್ಲಿ ನೋಂದಣಿ, ಎಕರೆಗೆ ಇಷ್ಟೇ ಎಂಬ ಮಿತಿ, ಹಣ ಖಾತೆಗೆ ಬರುವವರೆಗಿನ ಕಾಯುವಿಕೆ, ಇವನ್ನೆಲ್ಲ ದಾಟಿದವರಿಗೆ ಮಾತ್ರ ಆ 4,886.

ಇನ್ನು ರೆಪೊ ದರ. 2025ರಲ್ಲಿ ಅದು ಒಟ್ಟು ಶೇ 1.25ರಷ್ಟು ಇಳಿಯಿತು, ಪತ್ರಿಕೆಗಳ ಮುಖಪುಟದಲ್ಲಿ ಮನೆ ಸಾಲದ ಕಂತಿನ ಲೆಕ್ಕ ಬಂತು. ಹಳ್ಳಿಯ ಸಾಲಕ್ಕೆ ಇದರಿಂದ ಆಗುವುದು ಅಷ್ಟಕ್ಕಷ್ಟೆ. ಸಹಕಾರ ಸಂಘದ ಬೆಳೆ ಸಾಲ 5 ಲಕ್ಷದವರೆಗೆ ಬಡ್ಡಿಯೇ ಇಲ್ಲದ್ದು. ಅಲ್ಲಿ ಇಳಿಸಲು ಏನೂ ಉಳಿದಿಲ್ಲ. ವಾರದ ಕಂತಿನ ಮೈಕ್ರೊಫೈನಾನ್ಸ್ ಸಾಲದ ಬಡ್ಡಿ ಮುಂಬೈಯ ತೀರ್ಮಾನಕ್ಕೆ ತಲೆಯನ್ನೇ ಎತ್ತುವುದಿಲ್ಲ. ಆ ಕಂಪನಿಗಳ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಬೆಲೆ ಏರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ತಂದು, ಹಣದುಬ್ಬರ ಶೇ 4ರ ಸುತ್ತ ಇರಬೇಕು, 2ಕ್ಕಿಂತ ಇಳಿಯಬಾರದು, 6 ದಾಟಬಾರದು ಎಂದು ನಿಗದಿ ಮಾಡಲಾಯಿತು. ಅಂದರೆ ವರ್ಷಕ್ಕೆ ನೂರಕ್ಕೆ ನಾಲ್ಕು ರೂಪಾಯಿ ಸವೆಯುವುದನ್ನು ಕಾನೂನೇ ಒಪ್ಪಿಕೊಂಡಿದೆ. ಸತತ ಮೂರು ತ್ರೈಮಾಸಿಕ ಗೆರೆ ದಾಟಿದರೆ ರಿಸರ್ವ್ ಬ್ಯಾಂಕ್ ಕೇಂದ್ರಕ್ಕೆ ಪತ್ರ ಬರೆದು ಕಾರಣ ಕೊಡಬೇಕು. 2022ರಲ್ಲಿ ಹಾಗೆ ಬರೆಯಿತು. ಹೊಳವನಹಳ್ಳಿಯ ಪಿಂಚಣಿದಾರರಿಗೆ ಅಂಥ ಪತ್ರವೇನೂ ಬರಲಿಲ್ಲ ಬಿಡಿ. ನನ್ನ ಪ್ರಶ್ನೆ ಇಷ್ಟೆ: ಆ ನಾಲ್ಕು ರೂಪಾಯಿಯ ಸವೆತವನ್ನು ತುಂಬಿಕೊಡುವ ಸಾಲು ಯಾರ ಕಾಗದದಲ್ಲಿದೆ, ಯಾರ ಕಾಗದದಲ್ಲಿಲ್ಲ?

ಸರ್ಕಾರಿ ನೌಕರರ ಕಾಗದದಲ್ಲಿದೆ. ಜನವರಿಗೊಮ್ಮೆ, ಜುಲೈಗೊಮ್ಮೆ ತುಟ್ಟಿಭತ್ಯೆಯ ಲೆಕ್ಕ ಆಗುತ್ತದೆ. ಅದರ ಮೇಲೆ ವೇತನ ಆಯೋಗ: ಕೆ. ಸುಧಾಕರ್ ರಾವ್ ನೇತೃತ್ವದ ರಾಜ್ಯದ ಏಳನೇ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಗಿ, ಕನಿಷ್ಠ ಮೂಲವೇತನ 17,000ದಿಂದ 27,000 ರೂಪಾಯಿಗೆ ಏರಿತು. ಅದು ಅವರ ಹಕ್ಕು, ತಕರಾರಿಲ್ಲ. ಕಾಮಗಾರಿಗಳ ಕಾಗದದಲ್ಲೂ ಇದೆ. ಎತ್ತಿನಹೊಳೆ ಯೋಜನೆಯ ಅಂದಾಜು 2014ರಲ್ಲಿ 12,912 ಕೋಟಿ ಇದ್ದದ್ದು 2023ರಲ್ಲಿ 23,251 ಕೋಟಿಗೆ ಪರಿಷ್ಕರಣೆಯಾಯಿತು. ಅದೇ ಯೋಜನೆಗೆ ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲಿನಲ್ಲಿ ಜಲಾಶಯ ಎಂದಾಗ, ಮುಳುಗುವ ಜಮೀನಿಗೆ ದೊಡ್ಡಬಳ್ಳಾಪುರ ತಾಲ್ಲೂಕಿನ ಕಡೆ ಒಂದು ದರ, ಕೊರಟಗೆರೆ ಕಡೆ ಇನ್ನೊಂದು ದರ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಒಂದೇ ನೀರು, ಒಂದೇ ಮಣ್ಣು, ನಡುವೆ ತಾಲ್ಲೂಕಿನ ಗಡಿ.

ನರೇಗಾ ಕೂಲಿಯ ಕಾಗದದಲ್ಲೂ ಒಂದು ಸಾಲಿತ್ತು ಎನ್ನಬೇಕು. ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ಕಟ್ಟಿದ್ದರಿಂದ ಕರ್ನಾಟಕದ ದಿನಗೂಲಿ 2023–24ರ 316ರಿಂದ ಮರುವರ್ಷ 349ಕ್ಕೆ, 2025–26ಕ್ಕೆ 370 ರೂಪಾಯಿಗೆ ಏರಿತು. ಆ ಸೂಚ್ಯಂಕದ ಆಧಾರ ವರ್ಷ 2025ರ ನಡುವಿನವರೆಗೂ 1986–87 ಆಗಿತ್ತು ಎಂಬುದು ನಗು ಬರಿಸುವ ಮಾತು. ಮೊಬೈಲ್ ಕರೆನ್ಸಿ ಇಲ್ಲದ ಕಾಲದ ಬುಟ್ಟಿಯಿಂದ ಇಂದಿನ ಕೂಲಿ ಅಳೆದಂತೆ. ಆದರೂ ಸಾಲು ಇತ್ತು.

ಈಗ ಇಲ್ಲದವರ ಕಡೆ ಬರೋಣ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ, ಸುಮಾರು 13,000 ಎಕರೆಯಲ್ಲಿ, 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಹಬ್ಬಿದೆ. ಜಮೀನು ಕೊಳ್ಳಲಿಲ್ಲ, ರೈತರಿಂದ 28 ವರ್ಷಕ್ಕೆ ಗುತ್ತಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಬರಕ್ಕೆ ಹೆಸರಾದ ತಾಲ್ಲೂಕಿನಲ್ಲಿ ಮಳೆ ಬಂದರೂ ಬಾರದಿದ್ದರೂ ಖಾತೆಗೆ ದುಡ್ಡು ಬರುವುದು ದೊಡ್ಡ ಸಮಾಧಾನ. ಭೂಮಿ ಮಾಲೀಕತ್ವ ರೈತರಲ್ಲೇ ಉಳಿಸಿದ್ದೂ ಮೆಚ್ಚುವ ಕ್ರಮ. ಬೇರೆ ರಾಜ್ಯಗಳು ಇದನ್ನು ಮಾದರಿ ಎಂದವು. ಪಹಣಿಯಲ್ಲಿ ಹೆಸರಿಲ್ಲದ ಕೂಲಿಯವರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯಿಂದ ಏನೂ ಬರಲಿಲ್ಲ ಎಂಬುದು ಬೇರೆಯೇ ನೋವು.

ಇಲ್ಲಿ ಏರಿಕೆಯ ಸಾಲೇನೋ ಇದೆ, ಆದರೆ ಕುಂಟು ಸಾಲು. ಎರಡು ವರ್ಷಕ್ಕೆ 5 ಎಂದರೆ ವರ್ಷಕ್ಕೆ ಎರಡೂವರೆಗೂ ಕಡಿಮೆ. ಕಾನೂನು ಒಪ್ಪಿದ ಹಣದುಬ್ಬರವೇ 4. ಪೆನ್ನು ಹಿಡಿದು ಕೂತರೆ ಸಾಕು. ಇಪ್ಪತ್ತಾರು ವರ್ಷ ಕಳೆದು ಇಪ್ಪತ್ತೇಳನೆಯ ವರ್ಷ ಕಾಲಿಡುವಾಗ ಗುತ್ತಿಗೆ ಹಣ ಎಕರೆಗೆ 39,600 ರೂಪಾಯಿಯ ಹತ್ತಿರ ಇರುತ್ತದೆ. ಬೆಲೆಗಳು ವರ್ಷಕ್ಕೆ ನಾಲ್ಕರಂತೆ ಏರಿದರೆ, ಮೊದಲ ವರ್ಷದ 21,000ಕ್ಕೆ ಸಿಗುತ್ತಿದ್ದ ಸಾಮಾನು ಕೊಳ್ಳಲು ಆಗ 58,000ಕ್ಕೂ ಹೆಚ್ಚು ಬೇಕು. ಮೊದಲ ವರ್ಷದ ಬೆಲೆಯಲ್ಲಿ ಹೇಳುವುದಾದರೆ ರೈತನ ಕೈಗೆ ಬರುವುದು ಸುಮಾರು 14,300 ರೂಪಾಯಿ. ಮೂರರಲ್ಲಿ ಒಂದು ಪಾಲು ಯಾರೂ ಕದಿಯದೆ ಕಾಣೆಯಾಯಿತು. ಇದು ಎಲ್ಲ ಗುರಿಯಂತೆ ನಡೆದರೆ. ಗುರಿ ತಪ್ಪಿದರೆ ಇನ್ನೂ ಹೆಚ್ಚು.

ನಮ್ಮ ಹಿರಿಯರಿಗೆ ಈ ವಿಷಯ ಗೊತ್ತಿತ್ತು. ಹೊಲವನ್ನು ವಾರಕ್ಕೆ ಕೊಟ್ಟರೆ ಬೆಳೆಯಲ್ಲೇ ಪಾಲು. ರಾಗಿ ತುಟ್ಟಿಯಾದರೆ ಪಾಲೂ ತುಟ್ಟಿ. ಆಯಗಾರರಿಗೆ ಕಣದಲ್ಲೇ ಕಾಳು ಅಳೆದು ಕೊಡುತ್ತಿದ್ದರು. ಆ ಕಾಲವೇನು ನ್ಯಾಯದ ಕಾಲವಲ್ಲ, ಜಾತಿಯ ಜೀತವೂ ಅದೇ ಕಣದಲ್ಲಿತ್ತು. ಆದರೆ ಕಾಳಿಗೆ ಹಣದುಬ್ಬರ ತಟ್ಟುವುದಿಲ್ಲ ಎಂಬುದು ಸುಳ್ಳಲ್ಲ.

ಗ್ಯಾರಂಟಿ ಯೋಜನೆಗಳಲ್ಲೇ ಇದರ ಪುರಾವೆ ಇದೆ. 2025ರ ಜನವರಿ 5ರಿಂದ ಸರ್ಕಾರಿ ಬಸ್ ದರ ಶೇ 15 ಏರಿತು. ಹೊಳವನಹಳ್ಳಿಯಿಂದ ಕೊರಟಗೆರೆಗೆ, ತುಮಕೂರಿಗೆ ಹೋಗುವ ಗಂಡಸರ ಜೇಬಿಗೆ ಅದು ತಾಕಿತು. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸಿಗುವುದು ಪ್ರಯಾಣವೇ ಹೊರತು ಹಣವಲ್ಲ, ಹಾಗಾಗಿ ಅವರ ಸವಲತ್ತು ಒಂದು ಪೈಸೆಯೂ ಕುಗ್ಗಲಿಲ್ಲ. ಅನ್ನಭಾಗ್ಯದಲ್ಲೂ ಹಾಗೆಯೇ: ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು 2023ರ ಜುಲೈಯಿಂದ ತಲೆಗೆ 170 ರೂಪಾಯಿ ಕೊಟ್ಟರು, ಕೆ.ಜಿ.ಗೆ 34ರ ಲೆಕ್ಕ. ಆ ದರಕ್ಕೆ ಅಂಗಡಿಯಲ್ಲಿ ಎಂಥ ಅಕ್ಕಿ ಸಿಗುತ್ತದೆಂದು ಓದುಗರಿಗೆ ಹೇಳಬೇಕಿಲ್ಲ. 2025ರ ಫೆಬ್ರುವರಿಯಲ್ಲಿ ಮತ್ತೆ ಅಕ್ಕಿಯೇ ಬಂತು.

ಗೃಹಲಕ್ಷ್ಮಿಯ 2,000 ಮಾತ್ರ ಹಣ. ಸಂಧ್ಯಾ ಸುರಕ್ಷಾ ಪಿಂಚಣಿಯೂ ಹಣ. ಪಿಂಚಣಿ 1,200 ಆದದ್ದು 2021ರಲ್ಲಿ. 2025ರ ಅಕ್ಟೋಬರ್ ಹೊತ್ತಿಗೆ ಬೆಲೆ ಸೂಚ್ಯಂಕ ಶೇ 20ಕ್ಕೂ ಹೆಚ್ಚು ಏರಿತ್ತು. ಅಂದರೆ 2021ರ ಅಳತೆಯಲ್ಲಿ ಅದು ಸಾವಿರಕ್ಕೂ ಕೆಳಗೆ ಇಳಿದ ಹಾಗೆ. ಕೇಂದ್ರದ ವೃದ್ಧಾಪ್ಯ ಪಿಂಚಣಿಯ ಪಾಲಂತೂ 80 ವರ್ಷದ ಒಳಗಿನವರಿಗೆ 2007ರಿಂದ 200 ರೂಪಾಯಿಯಲ್ಲೇ ನಿಂತಿತ್ತು. ಡೇರಿಗೆ ಹಾಲು ಹಾಕುವವರಿಗೆ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ 2016ರದ್ದು. ಹಿಂಡಿ, ಬೂಸದ ದರ ಆಮೇಲೆ ಎಲ್ಲಿಗೆ ಹೋಯಿತೆಂದು ಡೇರಿ ಮುಂದೆ ಕ್ಯಾನು ಹಿಡಿದು ನಿಂತವರನ್ನು ಕೇಳಿ.

ಬೆಳವಣಿಗೆಯ ಫಲ ಇತ್ತ ಹರಿದೀತು, ಆಗ ಈ ಚಿಲ್ಲರೆ ಲೆಕ್ಕಗಳು ಬೇಕಾಗುವುದಿಲ್ಲ ಎನ್ನುವವರಿದ್ದಾರೆ. ಪಕ್ಕದಲ್ಲೇ ವಸಂತನರಸಾಪುರದ ಕೈಗಾರಿಕಾ ಪ್ರದೇಶವಿದೆ, ಶಿರಾ ಮೇಲೆ ಹೆದ್ದಾರಿ ಹಾದುಹೋಗಿದೆ, ಹಳ್ಳಿಯ ಹುಡುಗರು ಕೆಲಸಕ್ಕೆ ಹೋಗುತ್ತಾರೆ, ನಿಜ. ಆದರೆ 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ ತಾಲ್ಲೂಕುಗಳಲ್ಲಿ ಮಧುಗಿರಿ, ಶಿರಾ, ಪಾವಗಡ ಮೂರೂ ಇದ್ದವು. ಆ ಪಟ್ಟಿಗೆ ಎರಡು ದಶಕ ಕಳೆದಿದೆ. ಎಪ್ಪತ್ತು ದಾಟಿದವರು ಕಾಯುತ್ತ ಕೂರುವಷ್ಟು ಕಾಲ ಅದಲ್ಲ.

ಅರ್ಥಶಾಸ್ತ್ರಜ್ಞರ ಕಡೆಯಿಂದ ಬರುವ ಗಂಭೀರ ಆಕ್ಷೇಪ ಒಂದಿದೆ. ಎಲ್ಲವನ್ನೂ ಸೂಚ್ಯಂಕಕ್ಕೆ ಕಟ್ಟಿದರೆ ಬೆಲೆ ಏರಿಕೆ ತನ್ನನ್ನು ತಾನೇ ಮೇಯುತ್ತದೆ. ಬ್ರೆಜಿಲ್ 1960ರ ದಶಕದಿಂದ ಸಂಬಳ, ಬಾಡಿಗೆ, ಸಾಲ ಎಲ್ಲವನ್ನೂ ಹಾಗೆ ಕಟ್ಟಿ, ಕೊನೆಗೆ 1994ರಲ್ಲಿ ರಿಯಾಲ್ ಎಂಬ ಹೊಸ ನಾಣ್ಯ ತಂದು ಬಿಡಿಸಿಕೊಳ್ಳಬೇಕಾಯಿತು. ಒಪ್ಪೋಣ. ಆದರೆ ನಮ್ಮಲ್ಲಿ ಮೇಲಿನವರನ್ನು ಈಗಾಗಲೇ ಕಟ್ಟಿಯಾಗಿದೆ; ಹೊರಗೆ ಉಳಿದವರು ವಯಸ್ಸಾದವರು, ವಿಧವೆಯರು, ಒಣಭೂಮಿಯವರು. ಹಣದುಬ್ಬರ ತಡೆಯುವ ಭಾರವನ್ನು 1,200 ರೂಪಾಯಿಯ ಮೇಲೆ ಹೇರುವುದು ಅರ್ಥಶಾಸ್ತ್ರವಲ್ಲ, ಸುಮ್ಮನೆ ಅನುಕೂಲ.

ಆದ್ದರಿಂದ ರಾಜ್ಯ ಸರ್ಕಾರ ಪಿಂಚಣಿ, ಗೃಹಲಕ್ಷ್ಮಿ, ಹಾಲಿನ ಪ್ರೋತ್ಸಾಹಧನ ಮೂರನ್ನೂ ಏಪ್ರಿಲ್‌ಗೊಮ್ಮೆ ಗ್ರಾಮೀಣ ಬೆಲೆ ಸೂಚ್ಯಂಕದಂತೆ ಏರಿಸುವ ಒಂದು ಆದೇಶ ಹೊರಡಿಸಬೇಕು. ಪಾವಗಡದ ಗುತ್ತಿಗೆಯಲ್ಲಿ ಶೇ 5ರ ಸಾಲನ್ನು ತಿದ್ದಬೇಕು. ಪಾರ್ಕ್ ವಿಸ್ತರಣೆಗೆ ಜಮೀನು ಕೊಡಲಿರುವ ರೈತರು ಸಹಿ ಹಾಕುವ ಮುಂಚೆ ಆ ಸಾಲನ್ನೇ ಮೊದಲು ಓದಬೇಕು. ದುಡ್ಡೆಲ್ಲಿ ಎಂದು ಕೇಳುವವರಿಗೆ ಒಂದು ಲೆಕ್ಕ: 2025–26ರ ಬಜೆಟ್‌ನಲ್ಲಿ ಗೃಹಲಕ್ಷ್ಮಿಗೆ ಇಟ್ಟದ್ದು 28,608 ಕೋಟಿ ರೂಪಾಯಿ. ಅದಕ್ಕೆ ಶೇ 4 ಸೇರಿಸಿದರೆ ಮೊದಲ ವರ್ಷಕ್ಕೆ ತಗಲುವುದು 1,144 ಕೋಟಿ. ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ, ಸರಿ. ಎತ್ತಿನಹೊಳೆಯ ಅಂದಾಜನ್ನು ಒಂದು ಸಲ ಪರಿಷ್ಕರಿಸಿದಾಗ ಏರಿದ ಮೊತ್ತ 10,339 ಕೋಟಿ.