ಹೊನ್ನಾವರದಲ್ಲಿ ಇಬ್ನ್ ಬತೂತ ಎಣಿಸಿದ್ದೇನು?

ನಾಸಿಕ್, ಛತ್ರಪತಿ ಸಂಭಾಜಿನಗರದ ಬಯಲಿನಿಂದ ಯಾರಾದರೂ ಮೊದಲ ಸಲ ನಮ್ಮ ಕರಾವಳಿಗೆ ಬಂದರೆ ಏನು ನೋಡುತ್ತಾರೆ? ಸಮುದ್ರ, ತೆಂಗು, ಮೀನೂಟ, ಒಂದಿಷ್ಟು ಫೋಟೊ. ಅಷ್ಟೇ ಅಲ್ವೇ? ಸುಮಾರು 680 ವರ್ಷಗಳ ಹಿಂದೆ ಅದೇ ಸೀಮೆಯನ್ನು ಹಾದು ಹೊನ್ನಾವರಕ್ಕೆ ಬಂದ ಒಬ್ಬ ಪ್ರವಾಸಿ ಮಾತ್ರ ಅಲ್ಲಿನ ಮದರಸಗಳನ್ನು ಲೆಕ್ಕ ಹಾಕಿದ.

ಅವನೇ ಮೊರಾಕೊದ ಇಬ್ನ್ ಬತೂತ. 1342ರಲ್ಲಿ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ಅವನನ್ನು ರಾಯಭಾರಿಯಾಗಿ ಚೀನಾಕ್ಕೆ ಕಳಿಸಿದ. ದಾರಿಯಲ್ಲಿ ಸಿಕ್ಕಿದ್ದು ಇಂದಿನ ಸಂಭಾಜಿನಗರದ ಪಕ್ಕದ ದೌಲತಾಬಾದ್. ಅಲ್ಲಿನ ಬೆಟ್ಟದ ಕೋಟೆ, ಬೆಕ್ಕೇ ಹೆದರುವಂಥ ಇಲಿಗಳಿದ್ದ ಸೆರೆಮನೆ, ಹಾಡುಗಾರರ ಬಜಾರು, ಎಲ್ಲವನ್ನೂ ಬಣ್ಣಿಸಿದ್ದಾನೆ. ಅಲ್ಲಿಂದ ನಂದುರ್ಬಾರ್ ದಾರಿಯಾಗಿ ಗುಜರಾತಿಗೆ ಹೋಗಿ, ಹಡಗು ಹತ್ತಿ, ಗೋವಾ ದಾಟಿ ಹೊನ್ನಾವರ ತಲುಪಿದ.

ಊರು ಅವನಿಗೆ ಹೊಸದು. ದೊಡ್ಡ ಹಡಗುಗಳು ಒಳಬರುವ ಅಳಿವೆ. ಮಳೆಗಾಲದಲ್ಲಿ ಮೀನುಗಾರರ ಹೊರತು ಯಾರೂ ಇಳಿಯದ ಕಡಲು. ಜನ ಇಂದಿನ ನವಾಯತರಂತೆ ಶಾಫಿಈ ಮದ್‌ಹಬ್‌ನವರು. ಆಳುತ್ತಿದ್ದವನು ಸುಲ್ತಾನ್ ಜಮಾಲುದ್ದೀನ್. ಅವನ ಮೇಲೆ ಇನ್ನೊಬ್ಬ ದೊಡ್ಡ ಅರಸ. ಆ ಅರಸ ವಿಜಯನಗರದ ಹರಿಹರನೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಸುಲ್ತಾನನ ಮನೆಯಲ್ಲಿ ಅನ್ನ, ತುಪ್ಪ, ಕಾಳುಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಕೋಳಿ, ಮೀನು, ಕೊನೆಗೆ ಮೊಸರು. ರೊಟ್ಟಿ ತಿಂದು ಬೆಳೆದವನು ಇನ್ನೊಮ್ಮೆ ಬಂದಾಗ 11 ತಿಂಗಳು ಬರೀ ಅನ್ನದಲ್ಲೇ ಕಳೆದನಂತೆ!

ಇನ್ನು ಮುಖ್ಯ ಮಾತಿಗೆ ಬರೋಣ. ಹೊನ್ನಾವರದಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಮದರಸಗಳನ್ನು ಕಂಡೆ, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದು ಅವನು ದಾಖಲಿಸಿದ್ದಾನೆ. ಹೊಲಿಗೆಯಿಲ್ಲದ ಬಟ್ಟೆಯನ್ನೇ, ಅಂದರೆ ನಮ್ಮ ಸೀರೆಯಂಥದ್ದನ್ನೇ ಉಡುತ್ತಿದ್ದ ಅಲ್ಲಿನ ಮಹಿಳೆಯರು ಕುರ್‌ಆನನ್ನು ಬಾಯಿಪಾಠ ಮಾಡಿದ್ದರು. ಅರಬ್ ನಾಡು, ಪರ್ಷಿಯ, ಆಫ್ರಿಕದ ಕರಾವಳಿ ಸುತ್ತಿ ಬಂದವನ ಮಾತಿದು.

ಇದು ಜನಗಣತಿಯ ಲೆಕ್ಕವಲ್ಲ ನಿಜ. 1355ರ ಹೊತ್ತಿಗೆ ನೆನಪಿನಿಂದ ಹೇಳಿ ಬರೆಸಿದ ಪುಸ್ತಕವದು. ಆ ಮದರಸಗಳಲ್ಲಿ ಕಲಿಸುತ್ತಿದ್ದದ್ದು ಮುಖ್ಯವಾಗಿ ಕುರ್‌ಆನ್ ಇದ್ದೀತು. ಆದರೂ ಹೆಣ್ಣುಮಕ್ಕಳ ಓದು ಅಂದರೆ ನಿನ್ನೆಮೊನ್ನೆ ಹೊರಗಿನಿಂದ ಬಂದದ್ದು ಅನ್ನುವವರಿಗೆ ಕನ್ನಡ ಕರಾವಳಿಯ ಈ ಸಣ್ಣ ಊರೇ ಉತ್ತರ. ಮಗಳ ಕಾಲೇಜು ಬಿಡಿಸುವ ಮಾತು ಮನೆಯಲ್ಲಿ ಬಂದಾಗ ಈ 13ರ ಲೆಕ್ಕವನ್ನು ಒಮ್ಮೆ ನೆನಪಿಸಿ.